ಆಕ್ಟೋಪಸ್ಸಿನ ಏಳನೇ ತೋಳು

ಹರಿದದ್ದನ್ನು ಸರಿಮಾಡಿದರೆ ಅದರ ಬೆಲೆ ಏರಬೇಕು, ಇದು ಲೋಕದ ಲೆಕ್ಕ. ಹಳೆಯ ಕಾಮಿಕ್ಸ್ ಪುಸ್ತಕಗಳ ವ್ಯವಹಾರದಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗು. ಅಲ್ಲಿ ಹರಿದ ಪುಸ್ತಕ ಹರಿದೇ ಇದ್ದರೆ ಅದಕ್ಕೊಂದು ಮರ್ಯಾದೆ. ಯಾರೋ ಪುಣ್ಯಾತ್ಮರು ಬೆನ್ನು ಬಗ್ಗಿಸಿ ಕೂತು ಅದನ್ನು ಸರಿಮಾಡಿದರೋ, ಮುಗಿಯಿತು, ಪುಸ್ತಕದ ಹಣೆಗೆ ಮುದ್ರೆ ಬಿತ್ತು. ಅಂಟಕ್ಕನ ಹೊಟ್ಟೆಪಾಡು ಸರಿಮಾಡುವ ಕೆಲಸ. ಅವಳ ಗಂಡನ ಹೊಟ್ಟೆಪಾಡು ಮುದ್ರೆ ಒತ್ತುವ ಕೆಲಸ. ಇಬ್ಬರೂ ಒಂದೇ ಸೂರಿನಡಿ, ಒಂದೇ ಒಲೆಯ ಊಟ ಉಂಡುಕೊಂಡು ಇಪ್ಪತ್ತು ವರ್ಷದ ಮೇಲೆ ಸಂಸಾರ ಮಾಡಿಕೊಂಡು ಬಂದಿದ್ದರು.

ಅಂಟಕ್ಕ ಎನ್ನುವುದು ಅವಳ ಹೆಸರಲ್ಲ. ಅವಳ ಬೆರಳ ತುದಿಯಲ್ಲಿ ಯಾವಾಗಲೂ ಗೋಧಿ ಹಿಟ್ಟಿನ ಅಂಟು ಒಣಗಿ ಪೊರೆ ಕಟ್ಟಿರುತ್ತಿತ್ತು, ಅದಕ್ಕೇ ಓಣಿಯವರು ಹಾಗೆ ಕರೆದರು, ಹೆಸರು ಅವಳಿಗೂ ಅಂಟಿಕೊಂಡಿತು. ಮನೆಯ ಮುಂಭಾಗದ ಕೋಣೆಯಲ್ಲಿ, ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಅವಳ ಮೇಜು. ಮೇಜಿನ ಮೇಲೆ ದಪ್ಪ ಗಾಜು, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದದ ಸುರುಳಿ, ನಾಲ್ಕೇ ಕೂದಲು ಉಳಿಸಿ ಬೋಳಿಸಿದ ಕುಂಚ, ಪುಟಗಳನ್ನು ಒತ್ತಿಡಲು ಯಾವುದೋ ಕಾಲದ ತಕ್ಕಡಿಯ ತೂಕದ ಕಲ್ಲುಗಳು. ತುಕ್ಕು ಹಿಡಿದ ಪಿನ್ನು, ಮಡಚಿ ಸೀಳಿದ ಬೆನ್ನು, ಯಾರೋ ಪ್ರೀತಿಯಿಂದ ಅಂಟಿಸಿ ಹಾಳು ಮಾಡಿದ ಟೇಪು, ಮಕ್ಕಳು ಪೆನ್ನಿನಲ್ಲಿ ಬರೆದ ಮೀಸೆ, ಎಲ್ಲದಕ್ಕೂ ಅವಳ ಹತ್ತಿರ ಮದ್ದಿತ್ತು.

ಗಂಡನನ್ನು ಎಲ್ಲರೂ ಮಾರ್ಕು ಮೇಷ್ಟ್ರು ಎನ್ನುತ್ತಿದ್ದರು. ಅವರು ಶಾಲೆಯ ಮೆಟ್ಟಿಲು ಹತ್ತಿ ಒಂದು ದಿನವೂ ಪಾಠ ಮಾಡಿದವರಲ್ಲ. ಕಾಮಿಕ್ಸುಗಳ ಗುಣ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಕಚೇರಿಯೊಂದರಲ್ಲಿ ಹಿರಿಯ ಪರೀಕ್ಷಕರು. ಪುಸ್ತಕ ಅವರ ಮುಂದೆ ಬಂದರೆ ಮೊದಲು ಮೂಸಿ ನೋಡುವರು, ಆಮೇಲೆ ಓರೆ ಬೆಳಕಿನಲ್ಲಿ, ಆಮೇಲೆ ಭೂತಗನ್ನಡಿಯಲ್ಲಿ, ಕೊನೆಗೆ ನೇರಳೆ ದೀಪದಡಿ. ಯಾರ ಕೈಯೂ ತಾಗದ ಪುಸ್ತಕಕ್ಕೆ ನೀಲಿ ಚೀಟಿ, ರಿಪೇರಿಯಾದದ್ದಕ್ಕೆ ಕಂದು ಚೀಟಿ. ಚೀಟಿ ಹಚ್ಚಿ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿಟ್ಟು ಸೀಲು ಮಾಡಿದರೆ ಅದು ಇನ್ನು ಓದುವುದಕ್ಕಲ್ಲ, ನೋಡುವುದಕ್ಕೆ. ಮೇಷ್ಟ್ರು ಇದುವರೆಗೆ ಯಾವ ಪುಸ್ತಕಕ್ಕೂ ಹತ್ತು ಕೊಟ್ಟವರಲ್ಲ. ಮನೆಯಲ್ಲೂ ಅಷ್ಟೇ. ಚಹಾ ಕುಡಿದು "ಏಳೂವರೆ" ಎಂದರೆ ಅಂಟಕ್ಕ ಅದನ್ನು ಹೊಗಳಿಕೆ ಎಂದೇ ತಿಳಿಯಬೇಕಿತ್ತು.

ಇವರ ಮದುವೆಯಾದದ್ದೂ ಒಂದು ಕಂದು ಚೀಟಿಯ ದೆಸೆಯಿಂದಲೇ. ಆಗಿನ್ನೂ ಹುಡುಗಿಯಾಗಿದ್ದ ಅವಳು, ತಾನು ಜೀವ ತೇದು ಮಾಡಿದ ರಿಪೇರಿಯನ್ನು ಯಾರೋ ಹಿಡಿದುಹಾಕಿದರೆಂದು ಕೇಳಿ, ಜಗಳವಾಡಲು ಕಚೇರಿಗೆ ನುಗ್ಗಿದ್ದಳು.

"ಎಲ್ಲಿ ಕಾಣಿಸ್ತು ನಿಮಗೆ? ತೋರಿಸಿ!"

ಮೇಜಿನ ಹಿಂದಿದ್ದ ಸಣಕಲು ಯುವಕ ಕನ್ನಡಕ ಒರೆಸಿಕೊಂಡು ಹೇಳಿದ್ದ, "ತಪ್ಪು ಏನೂ ಕಾಣಿಸ್ಲಿಲ್ಲ. ಅಷ್ಟು ಜಾಗ ಮಾತ್ರ ಉಳಿದ ಪುಟಕ್ಕಿಂತ ಚೆನ್ನಾಗಿತ್ತು. ಅದಕ್ಕೇ ಗೊತ್ತಾಯ್ತು."

ಬೈಯಲು ಬಂದವಳು ಕುರ್ಚಿ ಎಳೆದುಕೊಂಡು ಕೂತಳು. ತನ್ನ ಕೆಲಸವನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನೋಡಿದವರು ಅದುವರೆಗೆ ಯಾರೂ ಇರಲಿಲ್ಲ.

ಮದುವೆಯಾದ ಮೇಲೆ ಅವಳಿಗೆ ಇದ್ದದ್ದು ಒಂದೇ ಹಟ. ಒಂದೇ ಒಂದು ಸಲ ಈ ಮನುಷ್ಯನ ಕಣ್ಣಿಗೆ ಮಣ್ಣೆರಚಬೇಕು. ಕಚೇರಿಗೆ ಪುಸ್ತಕಗಳು ಬರೀ ಸಂಖ್ಯೆ ಹೊತ್ತು ಬರುತ್ತಿದ್ದವು, ಯಾರದು, ಯಾರು ಮುಟ್ಟಿದ್ದು ಒಂದೂ ತಿಳಿಯುತ್ತಿರಲಿಲ್ಲ. ಆದರೂ ಮೇಷ್ಟ್ರು ಹೆಂಡತಿಯ ಕೈಯನ್ನು ಪ್ರತಿ ಸಲ ಪತ್ತೆ ಹಚ್ಚುತ್ತಿದ್ದರು. ಊಟಕ್ಕೆ ಕೂತಾಗ ಕೆಲಸದ ಮಾತು ಆಡಬಾರದೆಂದು ಮನೆಯಲ್ಲೊಂದು ನಿಯಮವಿತ್ತು. ಹಾಗಾಗಿ ಅವರು ಮಾತಾಡುತ್ತಿರಲಿಲ್ಲ, ತಟ್ಟೆ ನೋಡಿಕೊಂಡು ಮೀಸೆಯಡಿ ನಗುತ್ತಿದ್ದರು. ಅಂಟಕ್ಕ ಸಾರಿನ ಸೌಟನ್ನು ಪಾತ್ರೆಯೊಳಗೆ ಠಣ್ಣನೆ ಬಿಡುತ್ತಿದ್ದಳು. ಮೂಲೆಯಲ್ಲಿ ಕೂತ ಅತ್ತೆ, "ಇವತ್ತೂ ಸಿಕ್ಕಿಬಿದ್ಲು" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಹೀಗಿರುವಾಗ ರದ್ದಿ ಅಂಗಡಿಯವನು ಒಂದು ಪುಸ್ತಕ ತಂದ. ಅವನಿಗೆ ಹಳೇ ಕಾಗದದ ರಾಶಿಯೊಳಗೆ ಏನೇನೋ ಸಿಗುತ್ತಿತ್ತು. ಈ ಸಲ ಸಿಕ್ಕಿದ್ದರ ಮುಖಪುಟದಲ್ಲಿ ಕಡಲ ತಳ, ತಾಮ್ರದ ಶಿರಸ್ತ್ರಾಣ ತೊಟ್ಟ ಮುಳುಗುಗಾರ, ಅವನನ್ನು ಸುತ್ತಿಕೊಂಡ ಕೆಂಪು ಆಕ್ಟೋಪಸ್ಸು. ಕೆಳಗಿನ ಬಲ ಮೂಲೆಯನ್ನು ಇಲಿ ತಿಂದುಬಿಟ್ಟಿತ್ತು. ಆಕ್ಟೋಪಸ್ಸಿನ ಏಳನೇ ತೋಳಿನ ತುದಿಯೂ ಅಂಗೈಯಗಲದ ಕಡಲೂ ಇಲಿಯ ಹೊಟ್ಟೆಯಲ್ಲಿ.

"ನನ್ನ ಹತ್ರಾನೇ ಇಟ್ಕೋತೀನಿ ಅಕ್ಕಾ, ಮಾರಲ್ಲ," ಎಂದ ಅವನು. ರದ್ದಿ ಅಂಗಡಿಯವನು ಏನನ್ನಾದರೂ ಇಟ್ಟುಕೊಂಡ ಉದಾಹರಣೆ ಇರಲಿಲ್ಲ. ಅಂಟಕ್ಕ ನಕ್ಕು ಪುಸ್ತಕ ತೆಗೆದುಕೊಂಡಳು.

ಆ ಮೂಲೆ ಅವಳನ್ನು ಹಿಡಿದುಕೊಂಡಿತು. ಹೊಸ ಕಾಗದ ಹಾಕಿದರೆ ನೇರಳೆ ದೀಪದಡಿ ಹಾಲಿನಂತೆ ಹೊಳೆಯುತ್ತದೆ. ಅದಕ್ಕೇ ಅದೇ ಕಾಲದ, ಯಾವುದಕ್ಕೂ ಬಾರದ ಇನ್ನೊಂದು ಪುಸ್ತಕದ ಖಾಲಿ ಅಂಚನ್ನು ಕತ್ತರಿಸಿ ತಂದಳು. ಎರಡೂ ಅಂಚುಗಳನ್ನು ತೇದು ತೇದು ತೆಳ್ಳಗೆ ಮಾಡಿ, ನಾರಿಗೆ ನಾರು ಕೂಡುವ ಹಾಗೆ ಜೋಡಿಸಿದಳು. ಹಳೆಯ ಅಚ್ಚಿನಲ್ಲಿ ಕಡಲೆಂದರೆ ಬಣ್ಣವಲ್ಲ, ನೀಲಿ ಚುಕ್ಕಿಗಳ ಸಾಲು. ನಾಲ್ಕು ಕೂದಲ ಕುಂಚದಿಂದ ಒಂದೊಂದೇ ಚುಕ್ಕಿ ಇಟ್ಟಳು. ಅಚ್ಚಿನವರು ಅಂದು ಎಲ್ಲಿ ಶಾಯಿ ಕಡಿಮೆ ಬಿಟ್ಟಿದ್ದರೋ ಅಲ್ಲಿ ತಾನೂ ಕಡಿಮೆ ಬಿಟ್ಟಳು. ಮದುವೆಗೆ ಮುಂಚೆ ಮಾಡಿದ ತಪ್ಪನ್ನು, ಅಂದರೆ ಉಳಿದ ಪುಟಕ್ಕಿಂತ ಚೆನ್ನಾಗಿ ಮಾಡುವ ತಪ್ಪನ್ನು, ಮತ್ತೆ ಮಾಡಲಿಲ್ಲ. ಮುಗಿಸಿ, ಎಂದಿನಂತೆ ಏನೇನು ರಿಪೇರಿ ಮಾಡಿದ್ದೇನೆಂದು ಒಂದು ಚೀಟಿ ಬರೆದು ಪುಸ್ತಕದ ಜೊತೆ ಕೊಟ್ಟಳು. ಅದು ಅವಳ ಪದ್ಧತಿ. ಆ ಚೀಟಿ ಕಚೇರಿಯವರೆಗೆ ತಲುಪಿದ ದಾಖಲೆ ಇರಲಿಲ್ಲ, ಅದು ಗಿರಾಕಿಗಳ ಪದ್ಧತಿ.

ಕೆಲವು ವಾರಗಳ ಮೇಲೆ ರದ್ದಿ ಅಂಗಡಿಯವನು ಸಿಹಿಯ ಡಬ್ಬ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಮುಖವೆಲ್ಲ ಬಾಯಿ.

"ಅಕ್ಕಾ, ನೀಲಿ ಚೀಟಿ! ನಿಮ್ಮ ಮನೆಯವರೇ ಹಚ್ಚಿದ್ದು, ಸಹಿ ನೋಡಿದೆ. ಒಬ್ಬ ಹಲ್ಲಿನ ಡಾಕ್ಟರು ಕಣ್ಣಿಗೊತ್ತಿಕೊಂಡು ತಗೊಂಡು ಹೋದ್ರು."

"ಮಾರಲ್ಲ ಅಂದಿದ್ದೆ."

"ಮಾರಬಾರದು ಅಂತಾನೇ ಇದ್ದೆ ಅಕ್ಕಾ. ನೀಲಿ ಬಂತಲ್ಲ, ಮನಸ್ಸು ತಡೀಲಿಲ್ಲ."

ಅಂಟಕ್ಕನಿಗೆ ಒಳಗಿನಿಂದ ಒಂದು ಕೇಕೆ ಎದ್ದು ಬಂತು. ಗೆದ್ದೆ! ಇಷ್ಟು ವರ್ಷಕ್ಕೆ ಗೆದ್ದೆ! ಆದರೆ ಸಿಹಿಯ ಡಬ್ಬವನ್ನು ಮೇಜಿನ ಮೇಲಿಡುವಷ್ಟರಲ್ಲಿ ಆ ಕೇಕೆ ಅಡಗಿಹೋಯಿತು. ಒಂದು ಚುಕ್ಕಿ ಸಾಲು ಸ್ವಲ್ಪ ಬಾಗಿತ್ತು. ಅವಳಿಗೆ ಗೊತ್ತಿತ್ತು. ತಿದ್ದಲು ಹೋದರೆ ಇನ್ನೂ ಕೆಡುತ್ತದೆಂದು ಬಿಟ್ಟಿದ್ದಳು, ಹೇಗೂ ಇವರು ಇಲ್ಲೇ ಹಿಡಿಯುತ್ತಾರೆ ಎಂದು ಖಾತ್ರಿ ಮಾಡಿಕೊಂಡೇ ಬಿಟ್ಟಿದ್ದಳು. ಅದು ಅವರಿಗೆ ಕಾಣದೆ ಹೋಯಿತೆಂದರೆ ಗೆದ್ದದ್ದು ತನ್ನ ಕೈಯಲ್ಲ.

ಆಮೇಲೆ ಅವಳು ಗಂಡನನ್ನು, ಅವರು ಪುಸ್ತಕ ನೋಡುವ ಹಾಗೆ, ಓರೆ ಬೆಳಕಿನಲ್ಲಿ ನೋಡತೊಡಗಿದಳು. ಚಹಾ ಬಸಿಯುವಾಗ ಅರ್ಧ ಲೋಟಕ್ಕೆ, ಅರ್ಧ ಮೇಜಿಗೆ. ಕನ್ನಡಕವನ್ನು ಮಾತಿಗೊಮ್ಮೆ ಅಂಗಿಯ ತುದಿಯಿಂದ ಒರೆಸುವುದು. ಪತ್ರಿಕೆ ಕೈಯಲ್ಲಿ ಹಿಡಿದು, "ಈಗಿನ ಅಚ್ಚಿನವರಿಗೆ ಶಾಯಿ ಹಾಕೋಕೂ ಜಿಪುಣತನ" ಎಂದು ಬೈಯುವುದು. ಬಲ್ಬು ಬದಲಾಯಿಸುವುದು, ಬದಲಾಯಿಸಿದ ಬಲ್ಬನ್ನೂ ಬೈಯುವುದು.

"ನನಗೂ ಹೀಗೇ ಇತ್ತು ಕಣೋ," ಎಂದರು ಅತ್ತೆ. ಅವರ ಎರಡೂ ಕಣ್ಣಿನ ಪೊರೆ ತೆಗೆಸಿ ಬಹಳ ಕಾಲವಾಗಿತ್ತು, ಆ ಕಥೆ ಹೇಳುವ ಅವಕಾಶವನ್ನು ಅವರು ಬಿಟ್ಟವರಲ್ಲ. "ಕಿಟಕಿಗೆ ಹೊಗೆ ಕವಿದ ಹಾಗೆ. ಡಾಕ್ಟರ ಹತ್ರ ಹೋಗು."

"ಅಮ್ಮ, ನನ್ನ ಕಣ್ಣನ್ನ ನಂಬಿಕೊಂಡು ಒಂದು ಕಚೇರಿ ನಡೀತಿದೆ."

"ಅದಕ್ಕೇ ಹೇಳ್ತಿರೋದು."

ಮೇಷ್ಟ್ರು ಪತ್ರಿಕೆ ಮಡಚಿ ಎದ್ದುಹೋದರು. ಅಂಟಕ್ಕನೂ ಒಂದೆರಡು ಸಲ ಬಾಯಿ ಬಿಟ್ಟು ನೋಡಿದಳು. "ರೀ, ಸುಮ್ನೆ ಒಂದ್ಸಲ ತೋರಿಸಿಕೊಂಡು ಬರೋಣ" ಎಂದರೆ ಮುಖ ಊದಿಸಿಕೊಂಡು ಎರಡು ದಿನ ಅಂಕವನ್ನೇ ಕೊಡದೆ ಚಹಾ ಕುಡಿದರು. ಗೆದ್ದ ವಿಷಯ ಹೇಳಿದ್ದರೆ ಒಪ್ಪುತ್ತಿದ್ದರೋ ಏನೋ. ಆದರೆ ಹೇಳುವುದು ಹೇಗೆ? ಮಾರ್ಕು ಮೇಷ್ಟ್ರ ಹತ್ತಿರ ಆಸ್ತಿ ಅಂತ ಇದ್ದದ್ದೇ ಆ ಎರಡು ಕಣ್ಣು. ಅದನ್ನು ಕಿತ್ತುಕೊಂಡು ತನ್ನ ಗೆಲುವಿನ ಬಾವುಟ ಹಾರಿಸುವಷ್ಟು ಕಲ್ಲು ಮನಸ್ಸು ಅವಳಿಗಿರಲಿಲ್ಲ.

ಅದರ ಬದಲು ಅವಳು ಮಾಡಿದ್ದು ಏನೆಂದರೆ, ಕೆಲಸ ಕೆಡಿಸಲು ಶುರುಮಾಡಿದಳು. ಬೇರೆಯವರ ರಿಪೇರಿಗಳು ಇವರ ಕಣ್ಣು ತಪ್ಪಿಸಿ ನೀಲಿ ಚೀಟಿ ಹೊತ್ತುಕೊಂಡು ಹೋದರೆ ಅವಳೇನೂ ಮಾಡುವಂತಿರಲಿಲ್ಲ. ತನ್ನ ಮೇಜಿನಿಂದ ಹೋದದ್ದಾದರೂ ಸಿಕ್ಕಿಬೀಳಲಿ, ನಾಳೆ ಯಾರೋ ಪೆಟ್ಟಿಗೆ ಒಡೆದು ನೋಡಿ ಇವರ ಮರ್ಯಾದೆ ಬೀದಿಗೆ ತರುವುದು ಬೇಡ, ಎಂಬುದು ಅವಳ ಲೆಕ್ಕಾಚಾರ. ಅಂಟು ಸ್ವಲ್ಪ ಹೊರಗೆ ಉಕ್ಕಲು ಬಿಟ್ಟಳು. ನೀಲಿಯನ್ನು ಒಂದು ಛಾಯೆ ಗಾಢ ಮಾಡಿದಳು. ಕಿವಿ ಮಡಚಿದ ಮೂಲೆಯನ್ನು ಒತ್ತದೆ ಹಾಗೇ ಬಿಟ್ಟಳು. ಪ್ರತಿ ಸಲವೂ ಅವಳಿಗೆ ತಾನೇ ಒರೆಸಿದ ನೆಲದ ಮೇಲೆ ತಾನೇ ಕೆಸರುಗಾಲಲ್ಲಿ ನಡೆದ ಹಾಗಾಗುತ್ತಿತ್ತು.

ಮೇಷ್ಟ್ರು ಹಿಡಿದರು. ಮೊದಮೊದಲು ತಟ್ಟೆ ನೋಡಿ ನಕ್ಕರು. ಆಮೇಲೆ ನಗು ನಿಂತಿತು. ಇಷ್ಟು ಸುಲಭವಾಗಿ ಸಿಗುವ ಹೆಂಡತಿ ಅವರಿಗೆ ಅಭ್ಯಾಸವಿರಲಿಲ್ಲ. ಇತ್ತ ಗಿರಾಕಿಗಳೂ ಗೊಣಗಿದರು. "ಏನಕ್ಕಾ ಇದು, ಗೋಡೆಗೆ ಪೋಸ್ಟರ್ ಮೆತ್ತಿದ ಹಾಗಿದೆ," ಎಂದು ರದ್ದಿ ಅಂಗಡಿಯವನೇ ಒಂದು ಪುಸ್ತಕ ವಾಪಸು ತಂದ.

ಒಂದು ಮಧ್ಯಾಹ್ನ, ರಜೆಯ ದಿನ, ಊಟದ ನಡುವೆ ಮೇಷ್ಟ್ರು ತಾವೇ ಮಾಡಿದ ನಿಯಮ ಮುರಿದರು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ."

"ಏನ್ರೀ?"

"ನಿನ್ನ ಕಣ್ಣು ಮಂಜಾಗಿದೆ ಅನ್ಸುತ್ತೆ."

ಅತ್ತೆಗೆ ತುತ್ತು ನೆತ್ತಿಗೆ ಹತ್ತಿ ಕೆಮ್ಮು ಬಂತು. ಅಂಟಕ್ಕ ನೀರು ಕೊಟ್ಟು ಬೆನ್ನು ಸವರಿದಳು, ಅದರ ನೆಪದಲ್ಲಿ ಮುಖ ತಿರುಗಿಸಿಕೊಂಡಳು.

"ವಯಸ್ಸಾದ ಮೇಲೆ ಎಲ್ಲರಿಗೂ ಆಗೋದೇ," ಮೇಷ್ಟ್ರ ದನಿ ಮೃದುವಾಗಿತ್ತು. "ನಾಚಿಕೆ ಪಡೋಂಥದ್ದೇನೂ ಇಲ್ಲ. ಹಟ ಮಾಡಬೇಡ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ, ಜೊತೇಲಿ ಇರ್ತೀನಿ."

ಇಷ್ಟು ದಿನ ತಲೆ ಕೆಡಿಸಿಕೊಂಡರೂ ಸಿಗದ ದಾರಿ ತಾನಾಗಿಯೇ ಬಂದು ತಟ್ಟೆಯ ಪಕ್ಕ ಕೂತಿತ್ತು.

"ಆಯ್ತು ರೀ, ನೀವು ಹೇಳಿದ ಮೇಲೆ ಇನ್ನೇನು," ಎಂದಳು.

ಕಣ್ಣಿನ ಡಾಕ್ಟರಮ್ಮ ಚುರುಕಿನ ಹೆಂಗಸು. ಅಂಟಕ್ಕನ ಗದ್ದವನ್ನು ಯಂತ್ರದ ಮೇಲಿಡಿಸಿ, ಗೋಡೆಯ ಅಕ್ಷರಗಳ ಕೊನೆಯ ಸಾಲಿನವರೆಗೂ ಓದಿಸಿದರು. ಅಂಟಕ್ಕ ಕೊನೆಯ ಸಾಲಿನ ಕೆಳಗೆ ಇರುವೆಯಷ್ಟು ಚಿಕ್ಕದಾಗಿದ್ದ ಅಚ್ಚಿನ ಮನೆಯ ವಿಳಾಸವನ್ನೂ ಓದಿದಳು.

"ಇವರಿಗೇನಾಗಿದೆ ಅಂತ ಕರ್ಕೊಂಡು ಬಂದ್ರಿ?" ಡಾಕ್ಟರಮ್ಮ ಕೇಳಿದರು.

"ಬಣ್ಣ ಸರಿಯಾಗಿ ಕಾಣ್ತಿಲ್ಲ ಇವಳಿಗೆ. ಇನ್ನೊಂದ್ಸಲ ನೋಡಿ," ಎಂದರು ಮೇಷ್ಟ್ರು, ಅಂಟಕ್ಕ ಕೂತಿದ್ದ ಕುರ್ಚಿ ಬಿಟ್ಟು ಅದರ ನೆರಳಿನ ಕಡೆ ಕೈ ಮಾಡಿ.

ಡಾಕ್ಟರಮ್ಮ ಅವರ ಕೈಯನ್ನು ನೋಡಿದರು, ಅಂಟಕ್ಕನನ್ನು ನೋಡಿದರು. ಅಂಟಕ್ಕ ಎರಡೂ ಕಣ್ಣನ್ನು ಒಮ್ಮೆ ಮುಚ್ಚಿ ತೆರೆದಳು. ಹೆಂಗಸರಿಬ್ಬರಿಗೆ ಅಷ್ಟು ಸಾಕಾಯಿತು.

"ಯಂತ್ರವೇ ಸರಿ ಇಲ್ವೋ ಏನೋ. ನಿಮ್ಮ ಕಣ್ಣು ಚೆನ್ನಾಗಿದೆಯಲ್ಲ, ನೀವೊಂದ್ಸಲ ಗದ್ದ ಇಡಿ, ಹೋಲಿಸಿ ನೋಡೋಣ."

ಮೇಷ್ಟ್ರು ಹೆಮ್ಮೆಯಿಂದಲೇ ಕೂತರು. ಡಾಕ್ಟರಮ್ಮ ಬಹಳ ಹೊತ್ತು ನೋಡಿ, ದೀಪ ಆರಿಸಿ, "ನೀವು ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು.

"ಸೂಕ್ಷ್ಮ ಪರೀಕ್ಷೆ."

"ಯಾವುದನ್ನ?"

"ಕಣ್ಣಿಗೆ ಕಾಣದ ದೋಷಗಳನ್ನ."

"ಸರಿ," ಎಂದರು ಡಾಕ್ಟರಮ್ಮ. "ಕಾಣೋ ದೋಷಗಳಿಂದ ಶುರು ಮಾಡೋಣ."

ಒಂದು ಕಣ್ಣಾದ ಮೇಲೆ ಇನ್ನೊಂದರಂತೆ ಪೊರೆ ತೆಗೆದರು. ಎರಡನೇ ಪಟ್ಟಿ ಬಿಚ್ಚಿದ ದಿನ ಮೇಷ್ಟ್ರು ಮನೆಯೊಳಗೆ ಪರದೇಶದವರ ಹಾಗೆ ಅಡ್ಡಾಡಿದರು. ಕಂದು ಎಂದುಕೊಂಡು ತೊಡುತ್ತಿದ್ದ ಸ್ವೆಟರು ಹಸಿರಾಗಿತ್ತು. ತೊಲೆಯಲ್ಲಿ ಜೇಡರ ಬಲೆ. "ಅಮ್ಮ, ನೀನು ಇಷ್ಟು ಮುದುಕಿ ಯಾವಾಗ ಆದೆ?" ಎಂದು ಕೇಳಿದರು. "ನೀನು ಬಲ್ಬು ಬದಲಾಯಿಸ್ತಿದ್ದೆಯಲ್ಲ, ಆವಾಗ," ಎಂದರು ಅತ್ತೆ.

ಹೆಂಡತಿಯ ಮೇಜಿನ ಹತ್ತಿರ ಬಂದು, ಅಂಗಡಿಯವನು ವಾಪಸು ತಂದಿದ್ದ ಪುಸ್ತಕವನ್ನು ಎತ್ತಿಕೊಂಡರು. ಭೂತಗನ್ನಡಿಯನ್ನೂ ಕೇಳಲಿಲ್ಲ. ಕಿಟಕಿಗೆ ಹಿಡಿದು ನೋಡಿದರು. ಮುಖ ಗಂಭೀರವಾಯಿತು.

"ಇದು ಕೈ ಕೆಟ್ಟು ಆದದ್ದಲ್ಲ."

ಅಂಟಕ್ಕ ಮೇಜಿನ ಮೇಲಿನ ತೂಕದ ಕಲ್ಲುಗಳನ್ನು ಜೋಡಿಸತೊಡಗಿದಳು.

"ಅಂಟು ಉಕ್ಕಿದೆ, ಆದರೆ ಗೆರೆ ಎಳೆದ ಹಾಗೆ ಉಕ್ಕಿದೆ. ಕೆಡಿಸೋದನ್ನೂ ಇಷ್ಟು ನೀಟಾಗಿ ಮಾಡೋರು ನೀನೊಬ್ಬಳೇ. ಬೇಕಂತಲೇ ಮಾಡಿದೀಯ. ಯಾಕೆ?"

ಅವಳು ಕೂತು ಎಲ್ಲ ಹೇಳಿದಳು. ಇಲಿ ತಿಂದ ಮೂಲೆ, ಸಿಹಿಯ ಡಬ್ಬ, ನೀಲಿ ಚೀಟಿ, ಕೆಡಿಸಿದ ಪುಸ್ತಕಗಳು. ಮೇಷ್ಟ್ರು ಎದುರಿನ ಸ್ಟೂಲಿನ ಮೇಲೆ ಕುಸಿದರು. ಅವರನ್ನು ಚುಚ್ಚಿದ್ದು ತಾವು ಕುರುಡರಾಗಿದ್ದ ಸಂಗತಿಯಲ್ಲ.

"ನಾನು ನಿನ್ನನ್ನ ಪಾಪ ಅಂದ್ಕೊಂಡು ಸಮಾಧಾನ ಮಾಡ್ತಿದ್ದೆ," ಎಂದರು. "ಆಸ್ಪತ್ರೆಗೆ ಬೇರೆ ಕರ್ಕೊಂಡು ಹೋದೆ. ನೀನು ಸುಮ್ನೆ ಬಂದೆ!"

"ಮತ್ತೆ ನೀವು ಬರ್ತಿದ್ರಾ?"

ಮೇಷ್ಟ್ರು ಪ್ರಾಮಾಣಿಕರು. ಅದೇ ಅವರ ದೊಡ್ಡ ಕಾಯಿಲೆ. ಮಾರನೆಯ ದಿನವೇ ಕಚೇರಿಗೆ ಹೋಗಿ, ತಾವು ಮಂಜುಗಣ್ಣಿನಲ್ಲಿ ಸೀಲು ಮಾಡಿದ ಪೆಟ್ಟಿಗೆಗಳನ್ನೆಲ್ಲ ವಾಪಸು ತರಿಸಿ ಒಡೆಯಬೇಕೆಂದು ಯಜಮಾನರ ಮುಂದೆ ನಿಂತರು. ಯಜಮಾನರು ಬಾಗಿಲು ಹಾಕಿಸಿ, ಕುರ್ಚಿ ಎಳೆದು ಕೊಟ್ಟು, ಬಹಳ ವಿನಯದಿಂದ ಮಾತಾಡಿದರು.

"ಒಂದು ಪೆಟ್ಟಿಗೆ ಒಡೆದ್ರೆ ಜನ ಎಲ್ಲಾ ಪೆಟ್ಟಿಗೆ ಒಡೀರಿ ಅಂತಾರೆ. ಸೀಲು ಆದ್ಮೇಲೆ ಒಳಗಿರೋದು ಪುಸ್ತಕ ಅಲ್ಲ ಮೇಷ್ಟ್ರೇ, ನಮ್ಮ ಮಾತು. ಮಾತು ತಪ್ಪೋಕಾಗುತ್ತಾ?"

"ಮಾತೇ ತಪ್ಪಾಗಿದ್ರೆ?"

"ಅದನ್ನ ಯಾರು ನೋಡಿದ್ದಾರೆ? ಪೆಟ್ಟಿಗೆ ಮುಚ್ಚಿದೆಯಲ್ಲ."

ಬೇರೆ ದಾರಿ ಕಾಣದೆ ಮೇಷ್ಟ್ರು ತಮಗೆ ಖಚಿತವಾಗಿ ಗೊತ್ತಿದ್ದ ಆ ಒಂದು ತಪ್ಪನ್ನಾದರೂ ಒಪ್ಪಿಕೊಂಡು ಬರಬೇಕೆಂದು ಹಲ್ಲಿನ ಡಾಕ್ಟರ ಮನೆಗೆ ಹೊರಟರು. ಅಂಟಕ್ಕನೂ ಜೊತೆಗೆ ಹೋದಳು. ತನ್ನ ಕೆಲಸವನ್ನು ಇನ್ನೊಂದು ಸಲ ನೋಡುವ ಆಸೆ ಅವಳಿಗೆ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ಹಲ್ಲಿನ ಡಾಕ್ಟರು ವೃತ್ತಿ ಬಿಟ್ಟು ಹಾಯಾಗಿದ್ದ ಸಜ್ಜನ. ಮೂವತ್ತು ವರ್ಷ ಕಂಡವರ ಹಲ್ಲಿನ ತೂತು ತುಂಬಿ, ಮುರಿದದ್ದಕ್ಕೆ ಟೋಪಿ ತೊಡಿಸಿ, ಇಲ್ಲದ ಹಲ್ಲು ಇದ್ದ ಹಾಗೆ ಮಾಡಿ ಹೆಸರು ಗಳಿಸಿದವರು. ಈಗ ಅವರ ಬೈಠಕ್ಕಿನ ಕೋಣೆಯ ಗೋಡೆಯ ತುಂಬ ನೀಲಿ ಚೀಟಿಯ ಪೆಟ್ಟಿಗೆಗಳು.

"ನಾನು ರಿಪೇರಿ ಆದದ್ದನ್ನ ಮನೆಯೊಳಗೇ ಬಿಟ್ಕೊಳ್ಳಲ್ಲ," ಎಂದರು, ಕಟ್ಟಿಸಿದ ಹಲ್ಲುಗಳು ಫಳಫಳ ಹೊಳೆಯುವಂತೆ ನಗುತ್ತ. "ದೇವರು ಕೊಟ್ಟದ್ದು ಕೊಟ್ಟ ಹಾಗೇ ಇರಬೇಕು. ನೋಡಿ ಇದನ್ನ, ಈ ಕಡಲು ನೋಡಿ."

ಆಕ್ಟೋಪಸ್ಸು ಗೋಡೆಯ ನಟ್ಟನಡುವೆ ಇತ್ತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಡಾಕ್ಟ್ರೇ, ಅದಕ್ಕೆ ಸಹಿ ಹಾಕಿದವನು ನಾನೇ. ಅದು ತಪ್ಪು ಸಹಿ. ಆ ಮೂಲೆ ರಿಪೇರಿ ಆಗಿದೆ. ಮಾಡಿದವಳು ಇವಳು, ನನ್ನ ಹೆಂಡತಿ."

ಡಾಕ್ಟರು ಇಬ್ಬರನ್ನೂ ನೋಡಿದರು. ಆಮೇಲೆ ಪುಸ್ತಕದ ಹತ್ತಿರ ಹೋಗಿ, ಜೇಬಿನಿಂದ ಹಳೆಯ ಸಣ್ಣ ಭೂತಗನ್ನಡಿ ತೆಗೆದು, ಹಲ್ಲು ನೋಡುವವರಂತೆ ಬಾಯಿ ತೆರೆದುಕೊಂಡೇ ನೋಡಿದರು.

"ಬಿಡಿ ಅಮ್ಮ," ಎಂದರು ಕೊನೆಗೆ, ಅಂಟಕ್ಕನ ಕಡೆ ತಿರುಗಿ, ಮಕ್ಕಳಿಗೆ ಹೇಳುವ ಹಾಗೆ. "ನೀವು ಒಳ್ಳೇ ಕೆಲಸಗಾರರೇ ಇರಬಹುದು. ಆದರೆ ಇದು ಮನುಷ್ಯರ ಕೈಲಿ ಆಗೋ ಕೆಲಸ ಅಲ್ಲ. ನಾನು ಜೀವಮಾನವೆಲ್ಲ ರಿಪೇರೀನೇ ಮಾಡಿದವನು, ನನಗೆ ಗೊತ್ತಾಗಲ್ವಾ?"

ಇಡೀ ಬದುಕಿನಲ್ಲಿ ಅವಳ ಕೆಲಸಕ್ಕೆ ಇಷ್ಟು ದೊಡ್ಡ ಮಾತನ್ನು ಯಾರೂ ಆಡಿರಲಿಲ್ಲ, ಅದೂ ಅವಳದ್ದಲ್ಲ ಎಂದು ಸಾಧಿಸಲು.

ಅಷ್ಟರಲ್ಲಿ ಮೇಷ್ಟ್ರು ಗೋಡೆಯ ಹತ್ತಿರ ಸರಿದಿದ್ದರು. ಕೈ ಹಿಂದೆ ಕಟ್ಟಿ, ಕತ್ತು ಓರೆ ಮಾಡಿ, ಹೊಸ ಕಣ್ಣುಗಳನ್ನು ಮೂಲೆಗೆ ನೆಟ್ಟರು. ಅಂಟಕ್ಕ ಅವರ ಮುಖವನ್ನೇ ನೋಡಿದಳು. ಕಾಣದಿದ್ದರೆ? ಡಾಕ್ಟರಮ್ಮ ಎಲ್ಲ ಸರಿಹೋಯಿತು ಎಂದದ್ದು ಬರೀ ಬಾಯಿಮಾತಾಗಿದ್ದರೆ?

"ಏಳನೇ ತೋಳಿನ ತುದಿ," ಎಂದರು ಮೇಷ್ಟ್ರು. "ಅಲ್ಲಿಂದ ಕೆಳಗೆ ಮೂರನೇ ಚುಕ್ಕಿ ಸಾಲು. ಒಂದು ಕೂದಲೆಳೆಯಷ್ಟು ಬಾಗಿದೆ."

ಅವಳಿಗೆ ಕಣ್ಣು ತುಂಬಿ ಬಂತು. ಸೋತಿದ್ದಳು, ಅಚ್ಚುಕಟ್ಟಾಗಿ ಸೋತಿದ್ದಳು. ಮೈಯೆಲ್ಲ ಹಗುರಾಯಿತು.

ಡಾಕ್ಟರು ಮತ್ತೆ ಭೂತಗನ್ನಡಿ ಹಿಡಿದು ನೋಡಿದರು. "ಎಲ್ಲಿ? ನನಗೇನೂ ಕಾಣ್ತಿಲ್ಲ." ಆಮೇಲೆ ಮುಖದಲ್ಲಿ ಕನಿಕರ ಮೂಡಿತು. "ಕಣ್ಣಿನ ಆಪರೇಷನ್ ಆಗಿದೆ ಅಂತ ನಿಮ್ಮ ಕಚೇರಿಯ ಯಜಮಾನರು ಫೋನ್ ಮಾಡಿ ಹೇಳಿದ್ರು. ಸ್ವಲ್ಪ ದಿನ ಗೆರೆಗಳು ಬಾಗಿದ ಹಾಗೆ ಕಾಣೋದು ಸಹಜ. ನೀವು ನೋಡಿ ಸಹಿ ಹಾಕಿದ ಕಾಲದಲ್ಲಿ ನಿಮ್ಮ ಕಣ್ಣು ಕಣ್ಣೇ ಆಗಿತ್ತು, ನಾನು ಅದನ್ನೇ ನಂಬ್ತೀನಿ. ಚಹಾ ಕುಡೀರಿ."

ಕುಡಿದರು. ಮೇಷ್ಟ್ರು ಅಂಕ ಕೊಡುವುದನ್ನು ಮರೆತರು. ಬೀದಿಗೆ ಇಳಿದ ಮೇಲೆ ಅಂಟಕ್ಕ ನಗತೊಡಗಿದಳು. ಹಾಲಿನ ಅಂಗಡಿ ದಾಟುವವರೆಗೂ ನಗು ತಡೆಯಲಾಗಲಿಲ್ಲ, ಗಂಡನ ತೋಳು ಹಿಡಿದುಕೊಂಡೇ ನಡೆದಳು.

"ನಗೋದಕ್ಕೇನಾಗಿದೆ? ಕುರುಡನಾಗಿದ್ದಾಗ ಹೇಳಿದ್ದನ್ನ ನಂಬಿದ್ರು, ಕಣ್ಣು ಬಂದ ಮೇಲೆ ಹೇಳಿದ್ರೆ ಚಹಾ ಕುಡಿಸಿ ಕಳಿಸ್ತಾರೆ!"

"ಬಾಗಿತ್ತು ರೀ," ಎಂದಳು ಅವಳು. "ನಿಜವಾಗ್ಲೂ ಬಾಗಿತ್ತು."

"ಬಾಗಿತ್ತು ಅಂತ ನಾನೇ ಹೇಳಿದ್ನಲ್ಲ!"

ಯಜಮಾನರು ಮೇಷ್ಟ್ರನ್ನು ಕೈಬಿಡಲಿಲ್ಲ. ಕಣ್ಣಿಗೆ ಆಯಾಸವಾಗಬಾರದೆಂದು ಅವರನ್ನು ಪರೀಕ್ಷೆಯ ಮೇಜಿನಿಂದ ಎಬ್ಬಿಸಿ, ಮೇಲಿನ ಮಹಡಿಯಲ್ಲಿ ಕಿಟಕಿಯಿರುವ ಕೋಣೆ ಕೊಟ್ಟು, ಬಾಗಿಲಿಗೆ 'ಹಿರಿಯ ಸಲಹೆಗಾರರು' ಎಂದು ಫಲಕ ಹಾಕಿಸಿದರು. ಸಲಹೆ ಕೇಳಲು ಯಾರೂ ಮೆಟ್ಟಿಲು ಹತ್ತಲಿಲ್ಲ. ಮೇಷ್ಟ್ರು ಕೆಲವು ತಿಂಗಳು ಆ ಫಲಕದ ಅಕ್ಷರಗಳಲ್ಲಿ ತಪ್ಪು ಹುಡುಕಿ, ಎರಡು ಸಿಕ್ಕ ಮೇಲೆ ರಾಜೀನಾಮೆ ಕೊಟ್ಟು ಮನೆಗೆ ಬಂದರು. ಯಜಮಾನರು ದೊಡ್ಡ ಹಾರ ಹಾಕಿ, ಇಂಥ ಕಣ್ಣು ಇನ್ನೊಂದಿಲ್ಲ ಎಂದು ಭಾಷಣ ಮಾಡಿ ಕಳಿಸಿದರು.

ಈಗ ಅವರ ಸ್ಟೂಲು ಅಂಟಕ್ಕನ ಮೇಜಿನ ಎದುರಿಗೆ. ಅವಳ ಕೈ ಮತ್ತೆ ಮೊದಲಿನಂತಾಗಿದೆ, ಗಿರಾಕಿಗಳು ತಿರುಗಿ ಬಂದಿದ್ದಾರೆ. ಆದರೆ ಪುಸ್ತಕಗಳು ಮೊದಲಿನ ಹಾಗೆ ಬೇಗ ಮನೆ ಬಿಡುವುದಿಲ್ಲ. ಅವಳು ಮುಗಿಯಿತೆಂದು ಕುಂಚ ತೊಳೆದದ್ದನ್ನು ಇವರು ಕಿಟಕಿಗೆ ಹಿಡಿಯುತ್ತಾರೆ.

"ಈ ಕೆಂಪು ಸ್ವಲ್ಪ ಎಳೇದಾಯ್ತು."

"ಆಗಿದೆ ಬಿಡಿ ರೀ, ಯಾರಿಗೆ ಕಾಣುತ್ತೆ?"

"ನನಗೆ ಕಾಣುತ್ತೆ."

ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಕುಂಚ ಎತ್ತುತ್ತಾಳೆ. ಇವರು ಕಚೇರಿಗೆ ಹೋಗುತ್ತಿದ್ದಾಗ ಮನೆ ಎಷ್ಟು ತಣ್ಣಗಿತ್ತು ಎಂದು ದಿನಕ್ಕೊಮ್ಮೆಯಾದರೂ ಅತ್ತೆಯ ಹತ್ತಿರ ಹೇಳಿಕೊಳ್ಳುತ್ತಾಳೆ. ಮೊನ್ನೆ ಬೆನ್ನು ಸೀಳಿದ್ದ ಒಂದು ಪುಸ್ತಕ ಮುಗಿಸಿ ಅವರ ಕೈಗೆ ಕೊಟ್ಟಳು. ಅವರು ಮೂಸಿದರು, ಓರೆಯಾಗಿ ಹಿಡಿದರು, ಎದ್ದು ಬಾಗಿಲ ಬೆಳಕಿಗೆ ಹೋಗಿ ನಿಂತರು. ಅಂಟಕ್ಕ ಬೆರಳಿನ ಅಂಟು ಉಜ್ಜಿಕೊಳ್ಳುತ್ತ ಕಾದಳು. ಒಳಗಿನಿಂದ ಅತ್ತೆ ಚಹಾ ಆರಿಹೋಯಿತೆಂದು ಎರಡು ಸಲ ಕೂಗಿದರು.

"ಸಿಕ್ತಾ?" ಎಂದು ಕೇಳಿದಳು ಅಂಟಕ್ಕ.

"ಇರು," ಎಂದರು ಮೇಷ್ಟ್ರು, ತಲೆಯೆತ್ತದೆ. "ಇನ್ನೂ ನೋಡ್ತಿದ್ದೀನಿ."